12×16 ಅಡಿ ಹಾಲ್, ಒಂದು ಬದಿ ಊಟದ ಮನೆಗೆ ತೆರೆದಿದೆ: ಸರೌಂಡ್ ಸ್ಪೀಕರ್ ಯಾವುದು, ಎಲ್ಲಿ ಕೂರಿಸಬೇಕು?

ಹೊಸಮನೆ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮನೆ. ತಾರಸಿ ಆಗಿದೆ, ಒಳಗಿನ ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ. ಗೋಡೆ ಕೊರೆದು ಪೈಪ್ ಕೂರಿಸುವುದಿದ್ದರೆ ಈಗಲೇ ಆಗಬೇಕು.

ಹಾಲ್ 12 ಅಡಿ ಅಗಲ, 16 ಅಡಿ ಉದ್ದ, 10 ಅಡಿ ಎತ್ತರ. ಟಿವಿ 12 ಅಡಿಯ ಗೋಡೆಗೆ. ಸೋಫಾ ಅದರ ಎದುರಿನ ಗೋಡೆಗೆ ಒರಗಿಸಿ ಹಾಕುವ ಯೋಚನೆ. ಬಲಗಡೆ ಪೂರ್ತಿ ಗೋಡೆ, ಎರಡು ಕಿಟಕಿ. ಎಡಗಡೆ ಸೋಫಾ ಬರುವ ಕಡೆಗೇ 8 ಅಡಿ ಅಗಲದಷ್ಟು ಊಟದ ಮನೆಗೆ ತೆರೆದಿದೆ. ಅಲ್ಲಿ ಸ್ಪೀಕರ್ ಹಾಕಲು ಗೋಡೆಯೇ ಇಲ್ಲ.

ರಿಸೀವರ್ (ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ), ಸ್ಪೀಕರ್, ವೈರ್ ಎಲ್ಲ ಸೇರಿ 1.25 ಲಕ್ಷ ರೂಪಾಯಿ ಮಿತಿ. ಅಂಗಡಿಯಲ್ಲಿ ಒಬ್ಬರು "ಸರೌಂಡ್‌ಗೆ ಡೈಪೋಲ್ ಹಾಕಿ" ಅಂದರು, ಇನ್ನೊಬ್ಬರು "ಐದೂ ಒಂದೇ ಟವರ್ (ನೆಲಕ್ಕೆ ನಿಲ್ಲಿಸುವ ಎತ್ತರದ ಸ್ಪೀಕರ್) ಇರಲಿ" ಅಂದರು. 5.1 (ಐದು ಸ್ಪೀಕರ್, ಬೇಸ್‌ಗೆಂದೇ ಒಂದು ಸಬ್‌ವೂಫರ್) ಸಾಕೋ, ಮೇಲಿನಿಂದಲೂ ಸದ್ದು ಬರುವ ಅಟ್ಮಾಸ್‌ಗೂ ಹೋಗಬೇಕೋ? ವೈರ್ ಎಲ್ಲೆಲ್ಲಿ ಬಿಡಲಿ?

ತರಂಗ_ಸರಸ್ವತಿಪುರಂ

ಸರ್, ಸ್ಪೀಕರ್ ಹೆಸರು ಆಮೇಲೆ. ಮೊದಲು ಸೋಫಾ ಎಲ್ಲಿ ಬರುತ್ತದೆ ಅಂತ ತೀರ್ಮಾನಿಸಿ. ನಿಮ್ಮ ಹಾಲಿನಲ್ಲಿ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

5.1ರಲ್ಲಿ ಸರೌಂಡ್ ಸ್ಪೀಕರ್‌ಗಳು ಕೂತವರ ಕಿವಿಯ ನೇರಕ್ಕಿಂತ ಸ್ವಲ್ಪ ಹಿಂದೆ ಇರಬೇಕು. ಟಿವಿಯ ದಿಕ್ಕನ್ನು ಸೊನ್ನೆ ಅಂತ ಹಿಡಿದರೆ 110ರಿಂದ 120 ಡಿಗ್ರಿ. ಸೋಫಾ ಗೋಡೆಗೆ ಒರಗಿದರೆ ಹಿಂದೆ ಜಾಗವೇ ಇರುವುದಿಲ್ಲ. ಆಗ ಪಕ್ಕದ ಗೋಡೆಗೆ ಹಾಕಬೇಕಾಗುತ್ತದೆ, ನಿಮಗೆ ಎಡಗಡೆ ಗೋಡೆ ಇಲ್ಲ. ಒಂದೇ ಕಡೆ ಗೋಡೆಗೆ ಹಾಕಿ ಇನ್ನೊಂದನ್ನು ಎಲ್ಲೋ ಕೂರಿಸಿದರೆ ಎರಡು ಬದಿಯ ಸದ್ದು ಎಂದಿಗೂ ಹೊಂದುವುದಿಲ್ಲ.

ಹೀಗೆ ಮಾಡಿ ನೋಡಿ. ಸೋಫಾದ ಬೆನ್ನನ್ನು ಹಿಂದಿನ ಗೋಡೆಯಿಂದ 2 ಅಡಿ ಮುಂದೆ ತನ್ನಿ. ಕಿವಿ ಗೋಡೆಯಿಂದ ಸುಮಾರು 3 ಅಡಿ ದೂರಕ್ಕೆ ಬರುತ್ತದೆ. ಎರಡೂ ಸರೌಂಡ್ ಅನ್ನು ಹಿಂದಿನ ಗೋಡೆಯ ಎರಡು ಮೂಲೆಗೆ, ಮೂಲೆಯಿಂದ ಅರ್ಧ ಅಡಿ ಒಳಗೆ ಹಾಕಿ. ನಡುವಿನ ಸೀಟಿನಿಂದ ಸ್ಪೀಕರ್ ಪಕ್ಕಕ್ಕೆ 5.5 ಅಡಿ, ಹಿಂದಕ್ಕೆ 3 ಅಡಿ. ಲೆಕ್ಕ ಹಾಕಿದರೆ ಸುಮಾರು 119 ಡಿಗ್ರಿ. ಎಡಗಡೆ ತೆರೆದಿರುವುದು ಆಗ ತೊಡಕೇ ಅಲ್ಲ, ಯಾಕೆಂದರೆ ಎರಡೂ ಸ್ಪೀಕರ್ ಒಂದೇ ಗೋಡೆಯಲ್ಲಿವೆ.

ಮುಂದಿನ ಎಡ-ಬಲ ಸ್ಪೀಕರ್‌ಗಳ ಮುಖ ಟಿವಿ ಗೋಡೆಯಿಂದ 1 ಅಡಿ ಮುಂದೆ, ಒಂದರಿಂದ ಒಂದು 10 ಅಡಿ ದೂರ ಇದ್ದರೆ ಕೂತ ಜಾಗದಿಂದ ತಲಾ 22-23 ಡಿಗ್ರಿ ಆಗುತ್ತದೆ. 22ರಿಂದ 30 ಡಿಗ್ರಿ ಒಳಗೆ ಇದ್ದರೆ ಸರಿ. ಅಂಚಿನಲ್ಲಿದೆ, ಆದರೂ ಒಳಗೇ ಇದೆ.

ಸೋಫಾ ಗೋಡೆ ಬಿಟ್ಟು ಬರುವುದಕ್ಕೆ ಇನ್ನೊಂದು ಕಾರಣ ಬೇಸ್. ಗೋಡೆಗೆ ತಲೆ ಆನಿಸಿ ಕೂತವರಿಗೆ ಕೋಣೆಯ ಕೆಳ ಆವರ್ತನಗಳೆಲ್ಲ ಉಬ್ಬಿ ಕೇಳುತ್ತವೆ. 16 ಅಡಿ ಉದ್ದಕ್ಕೆ ಮೊದಲ ಅನುರಣನ 35 ಹರ್ಟ್ಸ್ ಆಸುಪಾಸು, ಮುಂದಿನದು 70. ಎರಡೂ ಗೋಡೆಯ ಬಳಿಯಲ್ಲೇ ಅತಿ ಜೋರು.

ಪೆಟ್ಟಿಗೆ_ಸದ್ದು

ತರಂಗ ಅವರು ಹೇಳಿದ ಜಾಗ ಸರಿಯಾಗಿದೆ. ಅಲ್ಲಿಗೆ ಯಾವ ಬಗೆ ಅನ್ನುವುದನ್ನು ನಾನು ಹೇಳುತ್ತೇನೆ.

ಡೈಪೋಲ್ ಬೇಡ. ಅದರಲ್ಲಿ ಎರಡು ಬದಿಗೆ ಮುಖ ಮಾಡಿದ ಡ್ರೈವರ್‌ಗಳು (ಸದ್ದು ಹೊರಡಿಸುವ ಭಾಗಗಳು) ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿ, ಅಂದರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುವ ಹಾಗೆ, ಕೆಲಸ ಮಾಡುತ್ತವೆ. ಕೂತವರ ಕಡೆಗೆ ನೇರ ಸದ್ದು ಬಹಳ ಕಡಿಮೆ, ಗೋಡೆಗೆ ಬಡಿದು ಬಂದ ಸದ್ದೇ ಹೆಚ್ಚು. ಅದು ಕೆಲಸ ಮಾಡಬೇಕಾದರೆ ಕಿವಿಯ ನೇರಕ್ಕೆ ಎರಡೂ ಪಕ್ಕ ಗೋಡೆ ಬೇಕು. ನಿಮ್ಮ ಎಡಗಡೆಯ ಸದ್ದು ಊಟದ ಮನೆಗೆ ಹೋಗಿ ಕಳೆದುಹೋಗುತ್ತದೆ. ಮುಂದೆ ಅಟ್ಮಾಸ್ ಹಾಕಿದರೂ ಡೈಪೋಲ್ ಹೊಂದುವುದಿಲ್ಲ, ಪ್ರತಿಯೊಂದು ಸದ್ದೂ ಇಂಥ ಜಾಗದಿಂದ ಬಂತು ಅಂತ ಕೇಳಬೇಕಲ್ಲ.

ಟವರ್ ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕ ನೋಡಿ. ಸೆನ್ಸಿಟಿವಿಟಿ 87 ಡೆಸಿಬಲ್ ಇರುವ ಸ್ಪೀಕರ್ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುತ್ತದೆ. ದೂರ ಎರಡರಷ್ಟಾದ ಹಾಗೆ 6 ಡೆಸಿಬಲ್ ಇಳಿಯುತ್ತದೆ. ನಿಮ್ಮ ಮುಂದಿನ ಸ್ಪೀಕರ್ ಸುಮಾರು 4 ಮೀಟರ್ ದೂರ, ಅಂದರೆ 1 ವ್ಯಾಟ್‌ಗೆ 75 ಡೆಸಿಬಲ್ ಮಾತ್ರ ಕಿವಿಗೆ. ಮನೆಯಲ್ಲಿ ಜೋರಾಗಿ ನೋಡುವಾಗ 95 ಡೆಸಿಬಲ್‌ವರೆಗೆ ಏರಬೇಕು ಅಂದರೆ 100 ವ್ಯಾಟ್. ಸರೌಂಡ್ ಇರುವುದು 1.9 ಮೀಟರ್ ದೂರದಲ್ಲಿ, ಅದೇ ಜೋರಿಗೆ 23 ವ್ಯಾಟ್ ಸಾಕು. ಬಯಲಿನ ಲೆಕ್ಕ ಇದು. ಕೋಣೆಯೊಳಗೆ ಗೋಡೆಗಳ ಪ್ರತಿಫಲನ ಸೇರಿ ಎರಡಕ್ಕೂ ಇನ್ನೂ ಕಡಿಮೆ ಸಾಕಾಗುತ್ತದೆ, ಆದರೆ ಇವೆರಡರ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಹಾಗಾಗಿ ಸರೌಂಡ್‌ಗೆ 4 ಅಥವಾ 5 ಇಂಚಿನ ವೂಫರ್ (ಕೆಳದನಿಯ ಡ್ರೈವರ್) ಇರುವ ಸಾಧಾರಣ ಬುಕ್‌ಶೆಲ್ಫ್ (ಸಣ್ಣ ಪೆಟ್ಟಿಗೆಯ ಸ್ಪೀಕರ್) ಜೋಡಿ ತೆಗೆದುಕೊಳ್ಳಿ. ಮೂರು ವಿಷಯ ನೋಡಿ. ಗೋಡೆಗೆ ಅಂಟಿ ಕೂರುವುದರಿಂದ ಹಿಂದೆ ಪೋರ್ಟ್ (ಗಾಳಿ ಆಡುವ ತೂತು) ಇರುವುದು ಬೇಡ, ಮುಂದೆ ಪೋರ್ಟ್ ಇರಲಿ ಇಲ್ಲವೇ ಪೂರ್ತಿ ಮುಚ್ಚಿದ ಪೆಟ್ಟಿಗೆ ಇರಲಿ. ತೂಕ 5 ಕೆಜಿ ಒಳಗೆ. ಬೆನ್ನಿನಲ್ಲಿ ಬ್ರಾಕೆಟ್‌ಗೆ ಥ್ರೆಡ್ ಇರುವ ರಂಧ್ರ ಇರಲಿ. ಬರೀ ಕೀಹೋಲ್ ಇದ್ದರೆ ಗೋಡೆಗೆ ಚಪ್ಪಟೆಯಾಗಿ ನೇತುಹಾಕಬಹುದು, ತಿರುಗಿಸಲು ಬರುವುದಿಲ್ಲ. ನಿಮಗೆ ಮೂಲೆಯಿಂದ ಒಳಕ್ಕೆ ತಿರುಗಿಸುವುದು ಕಡ್ಡಾಯ.

ಹೊಸಮನೆ_ಕುವೆಂಪುನಗರ

ಬಹಳ ಉಪಕಾರ. ಸೋಫಾದ ಹಿಂದೆ 2 ಅಡಿ ಬಿಟ್ಟರೆ ಅದೇ ಊಟದ ಮನೆಗೆ ಓಡಾಡುವ ದಾರಿಯಾಗುತ್ತದೆ, ಮನೆಯವರೂ ಒಪ್ಪಿದರು. ಹಾಗಾದರೆ ಸ್ಪೀಕರ್ ಎಷ್ಟು ಎತ್ತರಕ್ಕೆ? ಓಡಾಡುವವರ ತಲೆಗೆ ತಾಗಬಾರದು. "1000 ವ್ಯಾಟ್" ಅಂತ ಪೆಟ್ಟಿಗೆಯ ಮೇಲೆ ಬರೆದಿರುವ ಸೆಟ್‌ಗಳು 30 ಸಾವಿರದ ಒಳಗೇ ಸಿಗುತ್ತಿವೆ, ಅವು ಹೇಗೆ?

ತರಂಗ_ಸರಸ್ವತಿಪುರಂ

ಎತ್ತರ: ಬರೀ 5.1 ಅಂದರೆ ಕಿವಿಗಿಂತ 2 ಅಡಿ ಮೇಲೆ, ನೆಲದಿಂದ 5ರಿಂದ 5.5 ಅಡಿ. ಮುಂದೆ ಸೀಲಿಂಗ್ ಸ್ಪೀಕರ್ ಹಾಕುವ ಆಸೆ ಇದ್ದರೆ 4.5 ಅಡಿಗೆ ಇಳಿಸಿ. ಕೆಳಗಿನ ಪದರಕ್ಕೂ ಮೇಲಿನ ಪದರಕ್ಕೂ ಅಂತರ ಇದ್ದರೇ ಮೇಲಿಂದ ಬಂದ ಸದ್ದು ಮೇಲಿಂದ ಅನ್ನಿಸುವುದು. ಮೂಲೆಯಲ್ಲಿರುವುದರಿಂದ ಓಡಾಡುವವರಿಗೆ ತಾಗುವುದಿಲ್ಲ.

ತಿರುಗಿಸುವಾಗ ಒಂದು ಮಾತು. ಮೂರು ಜನರ ಸೋಫಾದಲ್ಲಿ ತುದಿಯಲ್ಲಿ ಕೂತವರಿಗೆ ಹತ್ತಿರದ ಸರೌಂಡ್ ಸುಮಾರು 4.4 ಅಡಿ, ದೂರದ್ದು 8.4 ಅಡಿ. 5-6 ಡೆಸಿಬಲ್ ವ್ಯತ್ಯಾಸ ಆಗುತ್ತದೆ, ಹತ್ತಿರದ್ದು ಕಿವಿಗೇ ಚುಚ್ಚುತ್ತದೆ. ಅದಕ್ಕೆ ಎಡ ಸ್ಪೀಕರ್‌ನ ಮುಖ ಬಲತುದಿಯ ಸೀಟಿನ ಕಡೆ, ಬಲದ್ದರ ಮುಖ ಎಡತುದಿಯ ಕಡೆ ಇರಲಿ. ಹತ್ತಿರ ಕೂತವರು ಆಗ ಸ್ಪೀಕರ್‌ನ ನೇರದಿಂದ ಹೊರಗಿರುತ್ತಾರೆ, ಟ್ವೀಟರ್‌ನ (ಮೇಲುದನಿಯ ಡ್ರೈವರ್) ಮೊನಚು ತಗ್ಗುತ್ತದೆ.

ಪೆಟ್ಟಿಗೆ_ಸದ್ದು

ಪೆಟ್ಟಿಗೆಯ ಮೇಲಿನ ವ್ಯಾಟ್‌ಗೆ ಬೆಲೆ ಕೊಡಬೇಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವ್ಯಾಟ್) ಎಷ್ಟು, ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ಗೆ ಅಂತ ಕೇಳಿ. 10 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ ಅಳೆದ ವ್ಯಾಟ್ ಅಂದರೆ ಸದ್ದು ಒಡೆದ ಮೇಲಿನ ವ್ಯಾಟ್. ಒಳ್ಳೆಯ ರಿಸೀವರ್‌ನ ಅಂಕಿಯಲ್ಲೂ "ಎರಡು ಚಾನೆಲ್ ಓಡಿಸಿದಾಗ" ಅಂತ ಇರುತ್ತದೆ. ಐದೂ ಒಟ್ಟಿಗೆ ಓಡಿದಾಗ ಅಷ್ಟು ಬರುವುದಿಲ್ಲ. ಹಾಗಾಗಿ 4 ಓಮ್ ಸ್ಪೀಕರ್ ತೆಗೆದುಕೊಂಡು ಕಡಿಮೆ ಬೆಲೆಯ ರಿಸೀವರ್‌ಗೆ ಹೊರೆ ಹಾಕಬೇಡಿ, 6 ಅಥವಾ 8 ಓಮ್ ಇರಲಿ. ಸೆನ್ಸಿಟಿವಿಟಿ 3 ಡೆಸಿಬಲ್ ಹೆಚ್ಚಿರುವ ಸ್ಪೀಕರ್ ಅಂದರೆ ಆಂಪ್ಲಿಫೈಯರ್ ಎರಡರಷ್ಟು ಮಾಡಿದ ಹಾಗೆ. ಅಲ್ಲಿ ಹಣ ಉಳಿಯುತ್ತದೆ.

ಆ ಸಣ್ಣ ಸೆಟ್‌ಗಳ ನಿಜವಾದ ಕೊರತೆ ಬೇರೆ. ಅವುಗಳ ಪುಟ್ಟ ಸ್ಯಾಟಲೈಟ್ ಸ್ಪೀಕರ್‌ನಲ್ಲಿ 2.5-3 ಇಂಚಿನ ಡ್ರೈವರ್. ಅದು 150 ಹರ್ಟ್ಸ್‌ಗಿಂತ ಕೆಳಗೆ ಹೋಗುವುದು ಕಷ್ಟ. ಅಲ್ಲಿಂದ ಕೆಳಗಿನದೆಲ್ಲ ಸಬ್‌ವೂಫರ್‌ಗೆ ಬೀಳುತ್ತದೆ. 80 ಹರ್ಟ್ಸ್ ಆಸುಪಾಸಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗುವುದು ಕಷ್ಟ, 150ರದ್ದು ಗೊತ್ತಾಗುತ್ತದೆ. ಗಂಡಸರ ದನಿಯ ಕೆಳಭಾಗ ಮೂಲೆಯ ಪೆಟ್ಟಿಗೆಯಿಂದ ಬಂದ ಹಾಗೆ ಕೇಳುತ್ತದೆ.

ಮಂಡ್ಯ_ವೈರಿಂಗ್

ಪೈಪ್ ಕೆಲಸ ಈಗಲೇ ಅಂದಿದ್ದೀರಿ, ಅದಕ್ಕೆ ವಿವರವಾಗಿ ಹೇಳುತ್ತೇನೆ.

ರಿಸೀವರ್ ಟಿವಿ ಕೆಳಗೆ ಇಟ್ಟರೆ ಬಲ ಹಿಂಬದಿಗೆ ಏರಿಳಿತ ಸೇರಿ 11-12 ಮೀಟರ್, ಎಡ ಹಿಂಬದಿಗೆ ತೆರೆದ ಜಾಗದ ಮೇಲಿನ ತೊಲೆ ಸುತ್ತಿ ಹೋಗುವುದರಿಂದ 16 ಮೀಟರ್ ಹಿಡಿಯಿರಿ. ತಾಮ್ರದ 1.5 ಚದರ ಮಿಮೀ ಫ್ಲೆಕ್ಸಿಬಲ್ ವೈರ್ ಕಿಲೋಮೀಟರಿಗೆ ಸುಮಾರು 13.3 ಓಮ್. 16 ಮೀಟರ್ ಹೋಗಿ ಬರುವುದು 32 ಮೀಟರ್, ಅಂದರೆ 0.43 ಓಮ್. 8 ಓಮ್ ಸ್ಪೀಕರ್‌ಗೆ 5 ಪರ್ಸೆಂಟ್ ದಾಟಬಾರದು ಅನ್ನುವುದು ವಾಡಿಕೆ, ಅದು 0.4. ಎಡಕ್ಕೆ ದಾಟಿತು. 2.5 ಚದರ ಮಿಮೀ ಹಾಕಿದರೆ 0.26 ಓಮ್‌ಗೆ ಇಳಿಯುತ್ತದೆ. ಗೋಡೆಯೊಳಗೆ ಹೋಗುವುದನ್ನು ಮತ್ತೆ ಬದಲಿಸುವುದು ಕಷ್ಟ, ಎರಡೂ ಬದಿಗೆ 2.5 ಎಳೆಸಿಬಿಡಿ.

"ಸ್ಪೀಕರ್ ವೈರ್" ಅಂತ ಪಾರದರ್ಶಕ ಹೊದಿಕೆಯಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಬಹಳಷ್ಟು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪಕ್ಕೆ ತಡೆ ಒಂದೂವರೆ ಪಟ್ಟು. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ತವರ ಲೇಪಿಸಿದ ತಾಮ್ರವೂ ಮೇಲೆ ಬಿಳಿ, ಆದರೆ ಕೆರೆದರೆ ಒಳಗೆ ಕೆಂಪು. ಐಎಸ್‌ಐ ಗುರುತಿನ ಎರಡು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಸ್ಪೀಕರ್‌ಗೆ ಧಾರಾಳವಾಗಿ ಸಾಕು. ಸಾವಿರಾರು ರೂಪಾಯಿಯ ವಿಶೇಷ ವೈರ್ ಬೇಕಿಲ್ಲ.

ಕರೆಂಟ್ ಪೈಪಿನಲ್ಲಿ ಸ್ಪೀಕರ್ ವೈರ್ ತೂರಿಸಲು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. 230 ವೋಲ್ಟ್ ಜೊತೆ ಒಂದೇ ಪೈಪಿನಲ್ಲಿ ಹೋಗುವುದು ಅಪಾಯ, ಗುಂಯ್ ಸದ್ದು ಬರುವುದು ಅದರ ಮೇಲೆ. ಬೇರೆ 25 ಮಿಮೀ ಪಿವಿಸಿ ಪೈಪ್, ಕರೆಂಟ್ ಪೈಪಿನಿಂದ 1 ಅಡಿ ದೂರ. ಅಡ್ಡ ಹಾಯಲೇಬೇಕಾದ ಕಡೆ 90 ಡಿಗ್ರಿ ಕೋನದಲ್ಲಿ ಹಾಯಿಸಿ. ತಿರುವಿನಲ್ಲಿ ಎಲ್ಬೋ ಬದಲು ಉದ್ದ ಬೆಂಡ್ ಹಾಕಿಸಿ, ಪ್ರತಿ ಪೈಪಿನೊಳಗೂ ಎಳೆಯುವ ತಂತಿ ಬಿಟ್ಟಿರಿ.

ಗೋಡೆ ಯಾವುದರದ್ದು? ಇಟ್ಟಿಗೆ ಅಥವಾ ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಬ್ರಾಕೆಟ್‌ಗೆ 8 ಮಿಮೀ ರಂಧ್ರ, 8 ಮಿಮೀ ನೈಲಾನ್ ಪ್ಲಗ್ ಸಾಕು. ಹಗುರ ಎಎಸಿ ಬ್ಲಾಕ್ ಆದರೆ ಮಾಮೂಲಿ ಪ್ಲಗ್ ಕ್ರಮೇಣ ಸಡಿಲವಾಗುತ್ತದೆ. ಅದಕ್ಕೇ ಬರುವ ಉದ್ದನೆಯ ಪ್ಲಗ್ ಹಾಕಿ, ರಂಧ್ರ ಕೊರೆಯುವಾಗ ಡ್ರಿಲ್‌ನ ಹ್ಯಾಮರ್ ಮೋಡ್ ಬಂದ್ ಮಾಡಿ.

ಹೊಸಮನೆ_ಕುವೆಂಪುನಗರ

ಗಟ್ಟಿ ಸಿಮೆಂಟ್ ಬ್ಲಾಕ್ ಅಣ್ಣ, 6 ಇಂಚಿನದು. ಅಟ್ಮಾಸ್ ವಿಷಯ ಯಾರಾದರೂ ಹೇಳಿ. ತಾರಸಿ ಆಗಿಹೋಗಿದೆ, ಅದರಲ್ಲಿ ಪೈಪ್ ಬಿಟ್ಟಿಲ್ಲ.

ತಾರಸಿ_ಗೋಕುಲಂ

ಪೈಪ್ ಈಗ, ಸ್ಪೀಕರ್ ಆಮೇಲೆ. ಅಟ್ಮಾಸ್‌ನ 5.1.2ಗೆ 5.1ರ ಜೊತೆ ಎರಡು ಸೀಲಿಂಗ್ ಸ್ಪೀಕರ್ ಬೇಕು. ಅವು ಕಿವಿಯ ಮೇಲ್ಗಡೆ, ಒಂದರಿಂದ ಮೂರು ಅಡಿ ಮುಂದಕ್ಕೆ ಬರಬೇಕು. ನಿಮ್ಮ ಲೆಕ್ಕದಲ್ಲಿ ಹಿಂದಿನ ಗೋಡೆಯಿಂದ 4ರಿಂದ 6 ಅಡಿ. ತಾರಸಿ ಕೊರೆಯುವ ಗೋಜು ಬೇಡ. ಬಲಗೋಡೆಯಲ್ಲಿ ಮತ್ತು ಎಡಗಡೆಯ ತೊಲೆಯ ಮೇಲೆ 9.5 ಅಡಿ ಎತ್ತರದಲ್ಲಿ ಒಂದೊಂದು ಪೈಪಿನ ಬಾಯಿ ಬಿಡಿ. ಮುಂದೆ ಜಿಪ್ಸಂ ಸೀಲಿಂಗ್ ಮಾಡಿಸಿದರೆ ಅದರೊಳಗೆ ವೈರ್ ಹೋಗುತ್ತದೆ. ಮಾಡಿಸದಿದ್ದರೆ ಸಣ್ಣ ಬುಕ್‌ಶೆಲ್ಫ್ ಅನ್ನೇ ಬ್ರಾಕೆಟ್‌ನಲ್ಲಿ ತಾರಸಿಗೆ ಹಾಕಬಹುದು. ಜಿಪ್ಸಂಗೆ ಹಾಕುವುದಾದರೆ ಸ್ಪೀಕರ್‌ನಿಂದ ಒಂದು ಉಕ್ಕಿನ ತಂತಿ ತಾರಸಿಯ ಕೊಕ್ಕೆಗೆ ಕಟ್ಟಲೇಬೇಕು, ಬೋರ್ಡ್ ಒಂದರ ಮೇಲೇ ಭಾರ ಬಿಡಬಾರದು. ಫ್ರೇಮಿನ ಕೀಲುಗಳಲ್ಲಿ ರಬ್ಬರ್ ಪಟ್ಟಿ ಹಾಕಿಸಿ, ಇಲ್ಲದಿದ್ದರೆ ಸಬ್‌ವೂಫರ್ ಕೂಗಿದಾಗಲೆಲ್ಲ ಸೀಲಿಂಗ್ ಗರಗರ ಅನ್ನುತ್ತದೆ.

ಮೇಲಕ್ಕೆ ಸದ್ದು ಹಾರಿಸಿ ಸೀಲಿಂಗಿಗೆ ಬಡಿದು ಬರುವ ಬಗೆಯ ಸ್ಪೀಕರ್ ಇವೆಯಲ್ಲ, ಅವಕ್ಕೆ ಚಪ್ಪಟೆಯಾದ, ಗಟ್ಟಿಯಾದ, 7.5ರಿಂದ 12 ಅಡಿ ಎತ್ತರದ ಸೀಲಿಂಗ್ ಬೇಕು. ನಿಮ್ಮದು 10 ಅಡಿ ಆರ್‌ಸಿಸಿ, ನಡೆಯುತ್ತದೆ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ನಮ್ಮ ಕಡೆಯ ಹಳೇ ಮನೆಗಳ ಇಳಿಜಾರು ಮಂಗಳೂರು ಹೆಂಚಿಗೂ, ಮರದ ತೊಲೆ ಸಾಲಿರುವ ಮದ್ರಾಸ್ ತಾರಸಿಗೂ ಅವು ಆಗುವುದಿಲ್ಲ, ಸದ್ದು ಚೆದುರಿಹೋಗುತ್ತದೆ. ಆಗುವ ಕಡೆಯೂ ಮೇಲೆ ನಿಜವಾದ ಸ್ಪೀಕರ್ ಇದ್ದಷ್ಟು ಸ್ಪಷ್ಟ ಇರುವುದಿಲ್ಲ.

ರಿಸೀವರ್ ಮಾತ್ರ ಈಗಲೇ 7 ಚಾನೆಲ್‌ನದು, ಅಟ್ಮಾಸ್ ಇರುವುದು ತೆಗೆದುಕೊಳ್ಳಿ. ಓಟಿಟಿ ಆ್ಯಪ್‌ಗಳ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಅದಕ್ಕೆ ಟಿವಿಯ ಮಾಮೂಲಿ ಆರ್ಕ್ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲಿನಲ್ಲೇ ರಿಸೀವರ್‌ಗೆ ವಾಪಸ್ ಕಳಿಸುವ ಹಾದಿ) ಸಾಕು. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಸದ್ದು ಟಿವಿ ಮೂಲಕ ಬರಬೇಕಾದರೆ ಹೆಚ್ಚು ಸಾಮರ್ಥ್ಯದ ಇ-ಆರ್ಕ್ ಬೇಕು. ಪ್ಲೇಯರ್ ಅನ್ನು ನೇರ ರಿಸೀವರ್‌ಗೆ ಕೊಟ್ಟರೆ ಆ ಪ್ರಶ್ನೆಯೇ ಇಲ್ಲ.

ಕಾವೇರಿ_ದಡ

ಎಲ್ಲರೂ ಸರೌಂಡ್ ಬಗ್ಗೆಯೇ ಹೇಳುತ್ತಿದ್ದೀರಿ. ಸಂಭಾಷಣೆಯ ಬಹುಪಾಲು ಹೊರುವುದು ಮುಂದಿನ ಎಡ-ಬಲದ ನಡುವೆ ಬರುವ ಸೆಂಟರ್ ಸ್ಪೀಕರ್. ಮೊದಲು ಮುಂದಿನ ಮೂರು ಮತ್ತು ಸಬ್‌ವೂಫರ್‌ಗೆ ಪೂರ್ತಿ ಹಣ ಹಾಕಿ, ಸರೌಂಡ್ ಮುಂದಿನ ವರ್ಷ ತೆಗೆದುಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ.

ಪೆಟ್ಟಿಗೆ_ಸದ್ದು

ಆದ್ಯತೆಯನ್ನು ಒಪ್ಪುತ್ತೇನೆ, ಮುಂದೂಡುವುದನ್ನು ಒಪ್ಪುವುದಿಲ್ಲ. ಸಾಧಾರಣ ಬುಕ್‌ಶೆಲ್ಫ್ ಜೋಡಿಗೆ 13 ಸಾವಿರ ಇಟ್ಟರೂ ಈ ದೂರಕ್ಕೆ ಸಾಕು. ರಿಸೀವರ್ 40, ಮುಂದಿನ ಮೂರು 40, ಸಬ್‌ವೂಫರ್ 27, ಸರೌಂಡ್ 13, ವೈರ್ ಬ್ರಾಕೆಟ್ ಪ್ಲಗ್ 5. ಅಲ್ಲಿಗೆ 125 ಸಾವಿರ. ಮುಂದಿನ ಮೂರೂ ಒಂದೇ ಸರಣಿಯವು ಆಗಿರಲೇಬೇಕು. ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿ ಬದಲಾಗಬಾರದು. ಸರೌಂಡ್ ಅದೇ ಕಂಪನಿಯದ್ದಾದರೆ ಒಳ್ಳೆಯದು, ಸಿಗದಿದ್ದರೆ ಕೊರಗಬೇಕಿಲ್ಲ.

ಸೆಂಟರ್ ಅನ್ನು ಟಿವಿ ಸ್ಟ್ಯಾಂಡಿನ ಒಳಗೆ ತಳ್ಳಬೇಡಿ. ಮುಖ ಹಲಗೆಯ ಅಂಚಿಗೆ ಬರಲಿ, ಮುಂಭಾಗದ ಕೆಳಗೆ ಒಂದು ರಬ್ಬರ್ ತುಂಡು ಇಟ್ಟು ಕಿವಿಯ ಕಡೆಗೆ ಎತ್ತಿ. ಒಳಗೆ ಸರಿದರೆ ಹಲಗೆಗೆ ಬಡಿದ ಸದ್ದು ಸೇರಿ ಮಾತು ಮಂಕಾಗುತ್ತದೆ, ಆಮೇಲೆ ಜನ "ಡೈಲಾಗೇ ಕೇಳಲ್ಲ" ಅನ್ನುತ್ತಾರೆ.

ಕಾವೇರಿ_ದಡ

ಆ ಹಂಚಿಕೆ ಆದರೆ ಸರಿ. ಸಬ್‌ವೂಫರ್ ಕೊಳ್ಳುವಾಗ ಊಟದ ಮನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಲ್ ಒಂದೇ 1920 ಘನ ಅಡಿ, ತೆರೆದ ಭಾಗ ಸೇರಿದರೆ ಇನ್ನೂ ಹೆಚ್ಚು. 8 ಇಂಚಿನದು ಸೋಲುತ್ತದೆ, 10 ಇಂಚು ಪೋರ್ಟ್ ಇರುವುದು ಕನಿಷ್ಠ, ಸಾಧ್ಯವಾದರೆ 12 ಇಂಚು.

ಜಾಗ ಹುಡುಕುವ ಕ್ರಮ: ಸಬ್‌ವೂಫರ್ ಅನ್ನೇ ನಡುವಿನ ಸೀಟಿನ ಜಾಗದಲ್ಲಿ ಇಟ್ಟು ಬೇಸ್ ಹೆಚ್ಚಿರುವ ಹಾಡು ಹಾಕಿ. ನೆಲಕ್ಕೆ ಕಿವಿ ತಗ್ಗಿಸಿ ಮುಂದಿನ ಗೋಡೆ, ಬಲಗೋಡೆ ಉದ್ದಕ್ಕೂ ಸಾಗಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಇಡಿ. ಅತಿ ಜೋರಾಗಿ ಕೇಳಿದ ಕಡೆಯೇ ಬೇಕಿಲ್ಲ. ಅದಕ್ಕೆ ಟಿವಿ ಗೋಡೆಯ ಬಲಕ್ಕೊಂದು, ಬಲಗೋಡೆಯ ನಡುವೆ ಒಂದು, ಎರಡು ಕಡೆ 6 ಆಂಪ್ಸ್ ಸಾಕೆಟ್ಟೂ ಸಬ್‌ವೂಫರ್ ಕೇಬಲ್‌ನ ಪೈಪೂ ಇರಲಿ.

ಬಲಗಡೆಯ ಕಿಟಕಿಗೆ ದಪ್ಪ ಪರದೆ, ಸೋಫಾ ಮುಂದೆ ನೆಲಕ್ಕೆ ದಪ್ಪ ಕಾರ್ಪೆಟ್ ಹಾಕಿ. ಗ್ರಾನೈಟ್ ನೆಲ, ಬರಿ ಗೋಡೆ ಇದ್ದರೆ ಚಪ್ಪಾಳೆ ತಟ್ಟಿದಾಗ ಝಣ್ ಅನ್ನುತ್ತದೆ, ಮಾತಿನ ವ್ಯಂಜನಗಳು ಮಸುಕಾಗುತ್ತವೆ.

ತರಂಗ_ಸರಸ್ವತಿಪುರಂ

ಎಲ್ಲ ಕೂರಿಸಿದ ಮೇಲೆ ರಿಸೀವರ್ ಜೊತೆ ಬರುವ ಮೈಕ್‌ನಿಂದ ಅಳತೆ. ಮೈಕನ್ನು ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಸೋಫಾದ ಬೆನ್ನಿನ ಮೇಲೆ ಇಡಬೇಡಿ. ಫ್ಯಾನ್, ಫ್ರಿಜ್ ನಿಲ್ಲಿಸಿ. ಮೊದಲ ಅಳತೆ ನಡುವಿನ ಸೀಟು, ಉಳಿದವು ಅದರ ಸುತ್ತ 2 ಅಡಿಯೊಳಗೆ. "ಫೇಸ್ ತಪ್ಪಿದೆ" ಅಂತ ಬಂದರೆ ಆ ಸ್ಪೀಕರ್‌ನ ಪ್ಲಸ್ ಮೈನಸ್ ಎರಡೂ ತುದಿಯಲ್ಲಿ ನೋಡಿ. ಸರಿ ಇದ್ದರೆ ಮುಂದುವರಿಸಿ, ಮೂಲೆಯ ಸ್ಪೀಕರ್‌ಗೆ ಪ್ರತಿಫಲನದಿಂದ ಸುಳ್ಳು ಎಚ್ಚರಿಕೆ ಬರುವುದುಂಟು.

ಆಮೇಲೆ ಕೈಯಲ್ಲಿ ತಿದ್ದಬೇಕಾದದ್ದು: ಎಲ್ಲ ಸ್ಪೀಕರ್ "ಸ್ಮಾಲ್", ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) ಮುಂದಿನ ಮೂರಕ್ಕೆ 80, 4 ಇಂಚಿನ ಸರೌಂಡ್‌ಗೆ 100 ಅಥವಾ 120. ಎಲ್‌ಎಫ್‌ಇ (ಸಿನಿಮಾದ ಪ್ರತ್ಯೇಕ ಬೇಸ್ ಚಾನೆಲ್) 120. ಸಬ್‌ವೂಫರ್ ಮೈಮೇಲಿನ ಕ್ರಾಸ್‌ಓವರ್ ಗುಂಡಿ ಪೂರ್ತಿ ಮೇಲಕ್ಕೆ, ಇಲ್ಲದಿದ್ದರೆ ಎರಡು ಸಲ ಸೋಸಿದ ಹಾಗಾಗುತ್ತದೆ. ಸಬ್‌ವೂಫರ್ ದೂರ ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ಮುಟ್ಟಬೇಡಿ. ಅದರೊಳಗಿನ ಸರ್ಕ್ಯೂಟಿನ ವಿಳಂಬವೂ ಆ ಅಂಕಿಯಲ್ಲಿ ಸೇರಿರುತ್ತದೆ. ಸರೌಂಡ್ ಮಟ್ಟವನ್ನು "ಕೇಳಿಸುತ್ತಿಲ್ಲ" ಅಂತ ಏರಿಸಬೇಡಿ. ಬಹಳಷ್ಟು ದೃಶ್ಯಗಳಲ್ಲಿ ಅದರಲ್ಲಿ ಇರುವುದು ಮಳೆ, ಗಾಳಿ, ಕ್ರಿಕೆಟ್ ಮೈದಾನದ ಗದ್ದಲ ಅಷ್ಟೇ, ಕಣ್ಣು ಟಿವಿಯ ಮೇಲೇ ಇರಬೇಕು.

ಮಂಡ್ಯ_ವೈರಿಂಗ್

ಮೂರು ಫೇಸ್ ಕನೆಕ್ಷನ್ ಆದರೆ ಟಿವಿ, ರಿಸೀವರ್, ಸಬ್‌ವೂಫರ್ ಮೂರರ ಸಾಕೆಟ್ಟೂ ಒಂದೇ ಫೇಸ್, ಒಂದೇ ಅರ್ತ್‌ನಲ್ಲಿ ಇರಲಿ. ಆದರೂ ಗುಂಯ್ ಅಂದರೆ ಮೊದಲು ಕೇಬಲ್ ಟಿವಿ ಅಥವಾ ಡಿಶ್‌ನ ಕೊಯಾಕ್ಸಿಯಲ್ ಕಿತ್ತು ನೋಡಿ, ನಿಂತರೆ ಗ್ರೌಂಡ್ ಲೂಪ್ (ಎರಡು ಅರ್ತ್ ದಾರಿ ಸೇರಿ ಆಗುವ ಸುತ್ತು) ಅದರಿಂದಲೇ. ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ, ಅದನ್ನು ಮಾತ್ರ ಯಾವತ್ತೂ ಮಾಡಬೇಡಿ. ಅಶ್ವಿನಿ, ಭರಣಿ ಮಳೆಯ ಸಿಡಿಲಿನ ಸಮಯಕ್ಕೆ ಪ್ಲಗ್ ಜೊತೆಗೆ ಆ ಕೊಯಾಕ್ಸಿಯಲ್ ಅನ್ನೂ ಕಿತ್ತಿಡಿ. ಅದರಿಂದ ಬಂದ ಹೊಡೆತ ಎಚ್‌ಡಿಎಂಐ ಹಾದಿ ಹಿಡಿದು ರಿಸೀವರ್ ಬೋರ್ಡ್ ಸುಡುತ್ತದೆ.

ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಆದರೆ ರಿಸೀವರ್ ಅದರ ಲೈನಿಗೆ ಬೇಡ. ಪ್ಯೂರ್ ಸೈನ್ ಆದರೆ ಪರವಾಗಿಲ್ಲ.

ಹೊಸಮನೆ_ಕುವೆಂಪುನಗರ

ಬರೆದುಕೊಂಡದ್ದು ಸರಿಯೇ ನೋಡಿ. ಹಿಂದಿನ ಎರಡು ಮೂಲೆಗೆ 4.5 ಅಡಿ ಎತ್ತರದಲ್ಲಿ ಸರೌಂಡ್ ಬಾಕ್ಸ್. 9.5 ಅಡಿಯಲ್ಲಿ ಎರಡು ಖಾಲಿ ಪೈಪು. ಸಬ್‌ವೂಫರ್‌ಗೆ ಎರಡು ಜಾಗ. ಎಲ್ಲ 25 ಮಿಮೀ, 2.5ರ ತಾಮ್ರ. ರಿಸೀವರ್ ಅನ್ನು ಟಿವಿ ಕೆಳಗಿನ ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಡುತ್ತೇವೆ.

ತಾರಸಿ_ಗೋಕುಲಂ

ಎಲ್ಲ ಸರಿ, ಗಾಜಿನ ಬಾಗಿಲು ಬಿಟ್ಟು. ರಿಸೀವರ್ ಮೇಲೆ ಕನಿಷ್ಠ 4-5 ಇಂಚು ಖಾಲಿ, ಹಿಂದಿನ ಹಲಗೆ ತೆರೆದಿರಬೇಕು. ಮುಚ್ಚಿಟ್ಟರೆ ಬಿಸಿಯೇರಿ ಸಿನಿಮಾದ ನಡುವೆ ಪ್ರೊಟೆಕ್ಟ್ ಮೋಡ್‌ಗೆ ಹೋಗಿ ಆರಿಹೋಗುತ್ತದೆ.

ಮಂಡ್ಯ_ವೈರಿಂಗ್

ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಪೈಪಿನ ಬಾಯಿಗೂ ಕಾಗದ ತುರುಕಿ ಟೇಪ್ ಸುತ್ತಿಸಿ. ಗಾರೆ ಒಳಗೆ ಇಳಿದರೆ ಪೈಪ್ ದಂಡ. ಟೇಪ್ ಹಿಡಿದು ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಬ್ರಾಕೆಟ್‌ಗೆ ಡ್ರಿಲ್ ಹಾಕುವ ದಿನ ಪೈಪ್ ಎಲ್ಲಿ ಹಾದಿದೆ ಅಂತ ಗೊತ್ತಿರಬೇಕು. ವೈರ್ ಎಳೆದ ಕೂಡಲೇ ಎರಡೂ ತುದಿಗೆ "ಎಡ ಹಿಂದೆ", "ಬಲ ಹಿಂದೆ" ಅಂತ ಚೀಟಿ ಅಂಟಿಸಿ, ರಿಸೀವರ್ ಕಡೆ 2 ಮೀಟರ್, ಸ್ಪೀಕರ್ ಕಡೆ ಅರ್ಧ ಮೀಟರ್ ಹೆಚ್ಚು ಬಿಡಿ. ಬೇಕಾದರೆ ಆಮೇಲೆ ಕತ್ತರಿಸಬಹುದು.